ಕಂಠೀರವಕ್ಕೆ ಹೊರಟವರ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯಕ್ಕೆ ಸೇರಿದವು. ದೊಡ್ಡ ಊರಿಗೆ ಹೋಗಿ ವೃತ್ತಿಪರ ಫುಟ್‌ಬಾಲ್ ಪಂದ್ಯವೊಂದನ್ನು ಕ್ರೀಡಾಂಗಣದಲ್ಲೇ ಕುಳಿತು ನೋಡಬೇಕು, ಹೋದ ಮೇಲೆ ಊರನ್ನೂ ಒಂದಿಷ್ಟು ನೋಡಿಕೊಂಡು ಬರಬೇಕು ಎಂಬುದು ಈ ಐವರ ಆಸೆ. ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಮಾತೇ ಇಲ್ಲದ ನಮ್ಮ ಭಾಗದಿಂದ ಇಂಥ ಪತ್ರಗಳು ಬಂದದ್ದು ನನಗೆ ಬಹಳ ಸಂತೋಷ ಕೊಟ್ಟಿದೆ. ಆದ್ದರಿಂದ ಈ ಸಂಚಿಕೆಯ ಇಡೀ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಎಂಟನೇ ತರಗತಿಯಲ್ಲಿ ಓದುತ್ತಾನೆ, ಸಂಜೆಯಾದರೆ ಎನ್.ವಿ. ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಾನೆ. ಬೆಂಗಳೂರು ಎಫ್‌ಸಿ ತಂಡದ ಪಂದ್ಯವನ್ನು ಒಮ್ಮೆ ತೋರಿಸುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದೇನೆ. ನಾನು ಅಂಗಡಿ ನಡೆಸುವವನಾದ್ದರಿಂದ ಎರಡು ದಿನಕ್ಕಿಂತ ಹೆಚ್ಚು ಬಾಗಿಲು ಹಾಕಲಾರೆ. ಈ ಎರಡು ದಿನಗಳಲ್ಲಿ ವಿಧಾನಸೌಧ, ಲಾಲ್‌ಬಾಗ್, ಬನ್ನೇರುಘಟ್ಟ, ಇಸ್ಕಾನ್, ಅರಮನೆ ಇವೆಲ್ಲವನ್ನೂ ತೋರಿಸಲು ಸಾಧ್ಯವೇ? ಮಗನಿಗೆ ಸುನಿಲ್ ಛೆಟ್ರಿಯನ್ನು ನೋಡುವ ಹಂಬಲ ಬಹಳ ಇದೆ. (ಓದುಗರು, ಕಲಬುರಗಿ)

ಉತ್ತರ: ಎಲ್ಲವನ್ನೂ ತೋರಿಸಲು ಸಾಧ್ಯವಿಲ್ಲ, ತೋರಿಸಲು ಹೋಗಲೂ ಬೇಡಿ. ನೀವು ಮಾತು ಕೊಟ್ಟಿರುವುದು ಪಂದ್ಯಕ್ಕೆ. ಆ ಪಂದ್ಯದ ದಿನ ಕ್ರೀಡಾಂಗಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಏನಿದೆಯೋ ಅದನ್ನು ಮಾತ್ರ ನೋಡಿ. ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ಕೆಲವು ವರ್ಷಗಳ ಹಿಂದೆ ಸೋದರಳಿಯನನ್ನು ಪಂದ್ಯಕ್ಕೆಂದು ಕರೆದುಕೊಂಡು ಹೋದವನು, ಸಮಯವಿದೆಯಲ್ಲ ಎಂದು ಮಧ್ಯಾಹ್ನ ಬನ್ನೇರುಘಟ್ಟಕ್ಕೂ ಹೋದೆ. ಹಿಂದಿರುಗುವಾಗ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ನಾವು ಪಂದ್ಯ ನಡೆಯುವ ಕಂಠೀರವ ಕ್ರೀಡಾಂಗಣದ ಬಾಗಿಲು ಮುಟ್ಟುವ ಹೊತ್ತಿಗೆ ಆಟ ಆರಂಭವಾಗಿ ಇಪ್ಪತ್ತೈದು ನಿಮಿಷ ಕಳೆದಿತ್ತು, ಒಂದು ಗೋಲೂ ಆಗಿಹೋಗಿತ್ತು. ಹೊರಗಿನಿಂದ ಆ ಕೂಗು ಕೇಳಿದಾಗ ಹುಡುಗನ ಮುಖ ಹೇಗಾಯಿತು ಎಂಬುದು ನನಗೆ ಇಂದಿಗೂ ನೆನಪಿದೆ. ಹುಲಿ, ಕರಡಿಗಳನ್ನು ಕಂಡದ್ದನ್ನು ಅವನು ಮರೆತಿದ್ದಾನೆ, ತಪ್ಪಿಹೋದ ಗೋಲನ್ನು ಮರೆತಿಲ್ಲ.

ಶನಿವಾರ ಸಂಜೆ ಪಂದ್ಯವಿದೆ ಎಂದಿಟ್ಟುಕೊಳ್ಳೋಣ. ಶುಕ್ರವಾರ ಸಂಜೆ ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಶನಿವಾರ ಬೆಳಿಗ್ಗೆ ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿಯುತ್ತೀರಿ. ಅಂಗಡಿಗೆ ಶನಿವಾರ, ಭಾನುವಾರ ಮಾತ್ರ ಬಾಗಿಲು ಬೀಳುತ್ತದೆ. 2024ರ ಮಾರ್ಚ್‌ನಲ್ಲಿ ಆರಂಭವಾದ ವಂದೇ ಭಾರತ್ ರೈಲು ಬೆಳಗಿನ ಜಾವ ಹೊರಟು ಸುಮಾರು ಒಂಬತ್ತು ಗಂಟೆಯಲ್ಲಿ ಬೆಂಗಳೂರು ಸೇರಿಸುತ್ತದೆ ನಿಜ. ಆದರೆ ಅದು ಬೈಯಪ್ಪನಹಳ್ಳಿ ಸಮೀಪದ ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ನಿಮ್ಮಂತೆ ದಿನ ಎಣಿಸಿ ಹೊರಡುವವರಿಗೆ ರಾತ್ರಿ ರೈಲೇ ಲಾಭ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಮರುದಿನ ಬೆಳಗಿನ ತಿಂಡಿಗೂ ಆಗುತ್ತದೆ.

ಕೋಣೆಯನ್ನು ಮೆಜೆಸ್ಟಿಕ್ ಇಲ್ಲವೇ ಗಾಂಧಿನಗರದ ಕಡೆ, ಮೆಟ್ರೊ ನಿಲ್ದಾಣಕ್ಕೆ ಹತ್ತಿರವಿರುವಂತೆ ಹಿಡಿಯಿರಿ. ಅಲ್ಲಿಂದ ನೇರಳೆ ಮಾರ್ಗದ ರೈಲಿನಲ್ಲಿ ವೈಟ್‌ಫೀಲ್ಡ್ ದಿಕ್ಕಿಗೆ ಹೊರಟರೆ ಮೆಜೆಸ್ಟಿಕ್ ಬಿಟ್ಟ ಮೇಲೆ ಎರಡನೆಯದು ವಿಧಾನಸೌಧ ನಿಲ್ದಾಣ, ಮೂರನೆಯದು ಕಬ್ಬನ್ ಪಾರ್ಕ್. ಸ್ನಾನ, ತಿಂಡಿ ಮುಗಿಸಿ ವಿಧಾನಸೌಧದಲ್ಲಿ ಇಳಿಯಿರಿ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿ 1956ರಲ್ಲಿ ಪೂರ್ಣಗೊಂಡ ಆ ಕಟ್ಟಡವನ್ನು ರಸ್ತೆಯಿಂದ ನೋಡಿದರೂ ಕಣ್ಣು ತುಂಬುತ್ತದೆ. ಎದುರಿಗೇ ಕೆಂಪು ಬಣ್ಣದ ಅಠಾರಾ ಕಚೇರಿ, ಈಗಿನ ಹೈಕೋರ್ಟ್. ಅದರ ಹಿಂದಿನಿಂದ ಕಬ್ಬನ್ ಪಾರ್ಕ್ ಒಳಹೊಕ್ಕರೆ ಬಿದಿರ ಮೆಳೆಗಳ ನೆರಳಿನಲ್ಲೇ ಕಸ್ತೂರ್ಬಾ ರಸ್ತೆಯ ತನಕ ನಡೆಯಬಹುದು.

ಆ ರಸ್ತೆಯಲ್ಲಿ ಎರಡು ವಸ್ತುಸಂಗ್ರಹಾಲಯಗಳು ಅಕ್ಕಪಕ್ಕದಲ್ಲೇ ಇವೆ. ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಅಳತೆಯ ಪ್ರತಿಕೃತಿ ಇದೆ. ನಿಮ್ಮ ಮಗನ ವಯಸ್ಸಿನವರು ಅಲ್ಲಿಂದ ಬೇಗ ಕದಲುವುದಿಲ್ಲ. ಇನ್ನೊಂದು 1865ರಲ್ಲಿ ಆರಂಭವಾದ ಸರ್ಕಾರಿ ವಸ್ತುಸಂಗ್ರಹಾಲಯ. ಅದು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು, ತೆರೆದಿದ್ದರೆ ಆತಕೂರಿನ ವೀರಗಲ್ಲನ್ನು ತಪ್ಪದೆ ನೋಡಿ. ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಂತ ಕಲ್ಲು ಅದು. ಅದೇ ಕಲ್ಲಿನಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಗೆದ್ದ ಸಂಗತಿಯೂ ಕೆತ್ತಲ್ಪಟ್ಟಿದೆ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅರಸನ ಹೆಸರನ್ನು ಬೆಂಗಳೂರಿನ ನಡುವೆ, ಸಾವಿರ ವರ್ಷ ಹಳೆಯ ಕಲ್ಲಿನ ಮೇಲೆ ಮಗನಿಗೆ ತೋರಿಸುವ ಅವಕಾಶವನ್ನು ನಾನಂತೂ ಬಿಡುವುದಿಲ್ಲ.

ಇಷ್ಟಾದ ಮೇಲೆ ಕೋಣೆಗೆ ಹಿಂದಿರುಗಿ ಒಂದೆರಡು ಗಂಟೆ ಮಲಗಿ. ರಾತ್ರಿಯೆಲ್ಲ ರೈಲಿನಲ್ಲಿ ಬಂದ ಮಗು ಸಂಜೆ ಏಳೂವರೆಯ ಪಂದ್ಯದಲ್ಲಿ ತೂಕಡಿಸಬಾರದು. ಊಟ ಬೇಗ ಮುಗಿಸಿ, ಆಟಕ್ಕೆ ಒಂದೂವರೆ ಗಂಟೆ ಮೊದಲೇ ಕ್ರೀಡಾಂಗಣದ ಬಳಿ ಇರಿ. ಕಬ್ಬನ್ ಪಾರ್ಕ್ ನಿಲ್ದಾಣದಿಂದ ಕಸ್ತೂರ್ಬಾ ರಸ್ತೆ ಹಿಡಿದು ನಡೆದರೆ ಇಪ್ಪತ್ತು ನಿಮಿಷದ ದಾರಿ. ಆಟೊ ಹತ್ತುವುದಾದರೆ ಬರೀ ‘ಸ್ಟೇಡಿಯಂ’ ಎನ್ನಬೇಡಿ, ಚಿನ್ನಸ್ವಾಮಿ ಕ್ರಿಕೆಟ್ ಮೈದಾನಕ್ಕೆ ಒಯ್ದಾರು. ಬರೀ ‘ಕಂಠೀರವ’ ಎಂದರೆ ಡಾ. ರಾಜ್‌ಕುಮಾರ್ ಸಮಾಧಿ ಇರುವ ಕಂಠೀರವ ಸ್ಟುಡಿಯೊಕ್ಕೂ ಒಯ್ಯಬಹುದು, ಅದು ಊರಿನ ಇನ್ನೊಂದು ದಿಕ್ಕು. ಕಸ್ತೂರ್ಬಾ ರಸ್ತೆಯ ಕಂಠೀರವ ಹೊರಾಂಗಣ ಕ್ರೀಡಾಂಗಣ ಎಂದು ಪೂರ್ತಿಯಾಗಿ ಹೇಳಿ.

ಆ ಕ್ರೀಡಾಂಗಣ ನಿಂತಿರುವುದು ಹಿಂದಿನ ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆಯ ಉಳಿದ ಚಿಕ್ಕ ತುಣುಕೊಂದು ಪಕ್ಕದಲ್ಲಿ ಈಗಲೂ ಇದೆ, ಬೆಂಗಳೂರು ಕರಗದ ವಿಧಿಗಳಲ್ಲಿ ಅದಕ್ಕೆ ಸ್ಥಾನವಿದೆ. ಅಥ್ಲೆಟಿಕ್ಸ್‌ಗೂ ಬಳಸುವ ಮೈದಾನವಾದ್ದರಿಂದ ಪ್ರೇಕ್ಷಕರಿಗೂ ಆಟದ ಅಂಕಣಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಹೀಗಾಗಿ ತೀರಾ ಮುಂದಿನ ಸಾಲುಗಳಿಗಿಂತ ಮೇಲಿನ ಸಾಲುಗಳಿಂದ ಆಟ ಚೆನ್ನಾಗಿ ಕಾಣುತ್ತದೆ. ಡೋಲು ಬಡಿದು, ತೊಂಬತ್ತು ನಿಮಿಷ ನಿಂತೇ ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬೆಂಬಲಿಗರು ಸೇರುವುದು ಪಶ್ಚಿಮದ ಬ್ಲಾಕ್‌ನಲ್ಲಿ. ಅವರ ನಡುವೆ ಕುಳಿತು ಆಟ ನೋಡುತ್ತೇನೆಂದರೆ ಆಗದು, ಅವರ ಎದುರಿನ ಕಡೆ ಕುಳಿತರೆ ಆಟವೂ ಕಾಣುತ್ತದೆ, ಅವರೂ ಕಾಣುತ್ತಾರೆ.

ಬೇಗ ಹೋಗಿ ಎಂದು ಒತ್ತಾಯಿಸಲು ಇನ್ನೊಂದು ಕಾರಣವಿದೆ. ಆಟಕ್ಕೆ ಮುನ್ನ ಹುಲ್ಲಿಗೆ ನೀರು ಚಿಮ್ಮಿಸುತ್ತಾರೆ, ಒದ್ದೆ ಹುಲ್ಲಿನ ವಾಸನೆ ಮೇಲಿನ ಸಾಲುಗಳಿಗೂ ಬರುತ್ತದೆ. ಆಟಗಾರರು ಮೈ ಬೆಚ್ಚಗೆ ಮಾಡಿಕೊಳ್ಳುವಾಗ ಒಂದೇ ಬಗೆಯ ಪಾಸನ್ನು ಹತ್ತಾರು ಸಲ ಕೊಟ್ಟು ತೆಗೆದುಕೊಳ್ಳುತ್ತಾರೆ. ಎನ್.ವಿ. ಮೈದಾನದ ಕೆಂಪು ಮಣ್ಣಿನಲ್ಲಿ ಆಡುವ ಹುಡುಗನಿಗೆ ಅದೇ ಒಂದು ಪಾಠ. ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ, ಕ್ರೀಡಾಂಗಣದಲ್ಲಿ ಚೆಂಡಿಲ್ಲದ ಆಟ ಕಾಣುತ್ತದೆ. ನನ್ನ ಸೋದರಳಿಯ ಆ ದಿನ ಬಹಳ ಹೊತ್ತು ನೋಡಿದ್ದು ಗೋಲ್‌ಕೀಪರ್‌ನನ್ನು. ಚೆಂಡು ಅತ್ತ ಎದುರಾಳಿಯ ಗೋಲಿನ ಮುಂದಿದ್ದರೆ ಇತ್ತ ಈತ ತನ್ನ ಪೆಟ್ಟಿಗೆಯ (ಗೋಲಿನ ಮುಂದೆ ಗೆರೆ ಎಳೆದ ಚೌಕದ) ಅಂಚಿನವರೆಗೆ ನಡೆದು ಬಂದು, ಬೂಟಿನ ತುದಿಯಿಂದ ನೆಲ ಕೆರೆದು ಗುರುತು ಮಾಡಿಕೊಂಡು, ಎರಡೂ ಕೈ ಬೀಸಿ ತನ್ನವರನ್ನು ಎಡಕ್ಕೆ ಸರಿಯಿರಿ ಎಂದು ಕೂಗುತ್ತಿದ್ದ. “ಮಾಮಾ, ಅವ ಯಾರಿಗಿ ಬೈಲಕತ್ತಾನ?” ಎಂದು ಹುಡುಗ ಕೇಳಿದ. ಬೈಯುತ್ತಿಲ್ಲ, ನಾಲ್ಕು ಜನ ರಕ್ಷಕರನ್ನು ಒಂದು ಹಗ್ಗದಲ್ಲಿ ಕಟ್ಟಿದಂತೆ ಸಾಲಿನಲ್ಲಿ ನಿಲ್ಲಿಸುತ್ತಿದ್ದಾನೆ ಎಂದು ವಿವರಿಸಿದೆ. ಮುಂದಿನ ಅರ್ಧ ಗಂಟೆ ಅವನು ಆ ಹಗ್ಗವನ್ನೇ ನೋಡಿದ.

ಛೆಟ್ರಿಯವರ ವಿಷಯದಲ್ಲಿ ಮಗನಿಗೆ ಖಾತ್ರಿ ಕೊಡಬೇಡಿ. 2013ರಲ್ಲಿ ಕ್ಲಬ್ ಹುಟ್ಟಿದಾಗಿನಿಂದ ಅವರು ಅದರ ಮುಖವಾಗಿದ್ದಾರೆ. 2024ರ ಜೂನ್‌ನಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿ, ಮರುವರ್ಷ ಮಾರ್ಚ್‌ನಲ್ಲಿ ಮತ್ತೆ ಆ ಅಂಗಿ ತೊಟ್ಟರು. ಆದರೆ ಯಾವ ಪಂದ್ಯದಲ್ಲಿ ಯಾರು ಆಡುತ್ತಾರೆಂಬುದು ಆಟಕ್ಕೆ ಸುಮಾರು ಒಂದು ಗಂಟೆ ಮೊದಲಷ್ಟೇ ಗೊತ್ತಾಗುತ್ತದೆ. ಒಬ್ಬ ಆಟಗಾರನಿಗಾಗಿ ಹೊರಟವರು ಬೆಂಚಿನ ಕಡೆ ನೋಡುತ್ತ ಕೂರಬೇಕಾದೀತು. ಆ ಕ್ಲಬ್‌ನ ಕಥೆಯನ್ನು ರೈಲಿನಲ್ಲೇ ಹೇಳಿ. ಆಡಿದ ಮೊದಲ ವರ್ಷವೇ, 2013–14ರಲ್ಲಿ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಆಯಿತು. 2019ರಲ್ಲಿ ಗೋವಾ ತಂಡದ ಎದುರು ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೆಕೆ ಹೊಡೆದ ಒಂದೇ ಗೋಲಿನಿಂದ, ಈಗಿನ ಅಗ್ರ ಲೀಗ್ ಆದ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ಪಡೆಯಿತು. ಇಷ್ಟು ತಿಳಿದು ಹೋದ ಹುಡುಗನಿಗೆ ಹನ್ನೊಂದು ಜನರಲ್ಲಿ ಯಾರನ್ನು ನೋಡಿದರೂ ಸಾರ್ಥಕ.

ಏಳೂವರೆಯ ಪಂದ್ಯ ಮುಗಿದಾಗ ಒಂಬತ್ತೂವರೆ ಆಗಿರುತ್ತದೆ. ಕಲಬುರಗಿಯ ಕಡೆ ಬರುವ ಉದ್ಯಾನ್ ಮತ್ತು ಕರ್ನಾಟಕ ಎಕ್ಸ್‌ಪ್ರೆಸ್ ಎರಡೂ ಅಷ್ಟರಲ್ಲಿ ಊರು ಬಿಟ್ಟಿರುತ್ತವೆ, ಆದ್ದರಿಂದ ಅದೇ ರಾತ್ರಿ ಹಿಂದಿರುಗುವ ಯೋಚನೆ ಬೇಡ. ಭಾನುವಾರ ಬೆಳಿಗ್ಗೆ ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣಕ್ಕೆ ಹೋಗಿ. ಪಶ್ಚಿಮ ದ್ವಾರದಿಂದ ಒಳಹೊಕ್ಕು, 1889ರ ಗಾಜಿನ ಮನೆ ನೋಡಿ, ಕೆಂಪೇಗೌಡ ಗೋಪುರವಿರುವ ಬಂಡೆ ಹತ್ತಿ. ಮುನ್ನೂರು ಕೋಟಿ ವರ್ಷ ಹಳೆಯ ಶಿಲೆ ಅದು. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಪದರ ಪದರವಾಗಿ ಬಿಡಿಸಿಕೊಂಡು ಬರುತ್ತದೆ, ಈ ಬಂಡೆಯಲ್ಲಿ ಪದರವೇ ಇಲ್ಲ, ಬರೀ ತಿರುವಿದ ಗೆರೆಗಳು. ಮುಖ್ಯ ದ್ವಾರದಿಂದ ಹೊರಬಂದರೆ 1924ರಲ್ಲಿ ಆರಂಭವಾದ ಎಂಟಿಆರ್ ಹತ್ತಿರವೇ ಇದೆ. ಸಾಲು ಉದ್ದವಿರುತ್ತದೆ, ಕಾಯಬಹುದು. (ಪಂದ್ಯ ಭಾನುವಾರ ಬಿದ್ದು ನೀವು ಸೋಮವಾರ ಇಲ್ಲಿಗೆ ಬಂದರೆ ಎಂಟಿಆರ್‌ಗೆ ರಜೆ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಿ.) ಮಧ್ಯಾಹ್ನದ ಮೇಲೆ ಏನನ್ನೂ ಇಟ್ಟುಕೊಳ್ಳದೆ ರಾತ್ರಿ ಉದ್ಯಾನ್ ಹಿಡಿಯಿರಿ, ಸೋಮವಾರ ಬೆಳಿಗ್ಗೆ ಕಲಬುರಗಿ. ಹುಡುಗನಿಗೆ ಆ ದಿನ ಶಾಲೆ ತಪ್ಪುತ್ತದೆ, ತಪ್ಪಲಿ.

ಪ್ರಶ್ನೆ: ಬೀದರ್‌ನಿಂದ ಬೆಂಗಳೂರು ಬಹಳ ದೂರ, ಹೈದರಾಬಾದ್ ಮೂರು ಗಂಟೆಯ ದಾರಿ. ಹೈದರಾಬಾದ್ ಎಫ್‌ಸಿ ಪಂದ್ಯವನ್ನೇ ನೋಡಿ ಬರಬಹುದಲ್ಲವೇ? (ಓದುಗರು, ಬೀದರ್)

ಉತ್ತರ: ನೀವು ಕೇಳಿದ ಕ್ಲಬ್ ಈಗ ಹೈದರಾಬಾದಿನಲ್ಲಿಲ್ಲ. 2021–22ರಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಇಂಡಿಯನ್ ಸೂಪರ್ ಲೀಗ್ ಗೆದ್ದ ಆ ತಂಡ ಮುಂದೆ ಹಣಕಾಸಿನ ಸಂಕಟಕ್ಕೆ ಸಿಲುಕಿ, 2025ರಲ್ಲಿ ದೆಹಲಿಗೆ ಸ್ಥಳಾಂತರಗೊಂಡಿತು. ಇದು ನನಗೆ ಬಹಳ ನೋವಿನ ಸಂಗತಿ, ಏಕೆಂದರೆ ಹೈದರಾಬಾದ್ ಅಂಥ ಗತಿ ಬರಬೇಕಾದ ಊರಲ್ಲ.

ಭಾರತೀಯ ಫುಟ್‌ಬಾಲ್‌ನ ಅತಿ ದೊಡ್ಡ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಆ ಊರಿನವರು. ಅವರು ತಯಾರು ಮಾಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಅವರ ತರಬೇತಿಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಪಡೆಯಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. 1951ರಲ್ಲಿ ಬೀದರ್, ಕಲಬುರಗಿ ಎರಡೂ ಹೈದರಾಬಾದ್ ರಾಜ್ಯದಲ್ಲಿದ್ದವು, ಅಂದರೆ ರಹೀಮರು ಆಗ ನಮ್ಮ ರಾಜ್ಯದವರೇ. 1956ರ ನವೆಂಬರ್ 1ರಂದು ನಾವು ಇತ್ತ ಸೇರಿದೆವು. ಸರಿಯಾಗಿ ಒಂದು ತಿಂಗಳ ಮೇಲೆ, ಡಿಸೆಂಬರ್ 1ರಂದು, ನೆವಿಲ್ ಡಿಸೋಜಾ ಅವರ ಮೂರು ಗೋಲುಗಳ ಬಲದಿಂದ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಒಲಿಂಪಿಕ್ ಸೆಮಿಫೈನಲ್ ಮುಟ್ಟಿತು. ನಮ್ಮ ಭಾಗದ ಹಿರಿಯರು ಏಕೀಕರಣದ ವರ್ಷವನ್ನು ನೆನೆಯುವಾಗ ಇದನ್ನೂ ಸೇರಿಸಿ ನೆನೆಯಬಹುದು.

ಹೈದರಾಬಾದಿಗೇ ಹೋಗುವುದಾದರೆ ಶ್ರೀನಿಧಿ ಡೆಕ್ಕನ್ ತಂಡದ ಪಂದ್ಯಪಟ್ಟಿಯನ್ನು ನೋಡಿ. 2022–23 ಮತ್ತು 2023–24ರಲ್ಲಿ ಐ-ಲೀಗ್‌ನ ಎರಡನೇ ಸ್ಥಾನ ಪಡೆದ ತಂಡ ಅದು. ಅದರ ಡೆಕ್ಕನ್ ಅರೇನಾ ಮೈದಾನ ಚೇವೆಳ್ಳ ರಸ್ತೆಯ ಅಜೀಜ್ ನಗರದಲ್ಲಿದೆ, ಆದ್ದರಿಂದ ತಾಂಡೂರು, ವಿಕಾರಾಬಾದ್ ಮೇಲೆ ಹೋಗುವವರು ಊರೊಳಗೆ ಹೊಕ್ಕುವ ಅಗತ್ಯವೇ ಇಲ್ಲ. ಪಂದ್ಯದ ಜತೆಗೆ ನೋಡಲು ಗೋಲ್ಕೊಂಡ ಮತ್ತು ಕುತುಬ್ ಶಾಹಿ ಸಮಾಧಿಗಳಿದ್ದರೆ ಸಾಕು, ಚಾರ್‌ಮಿನಾರ್ ಇನ್ನೊಮ್ಮೆ ನೋಡಿದರಾಯಿತು. ಅಷ್ಟೂರಿನ ಗುಮ್ಮಟಗಳನ್ನು ನೋಡುತ್ತ ಬೆಳೆದ ನಿಮಗೆ ಈ ಸಮಾಧಿಗಳು ಪರಿಚಿತವೆನಿಸುತ್ತವೆ. ಕುತುಬ್ ಶಾಹಿ ಮನೆತನ ಸ್ಥಾಪಿಸಿದ ಸುಲ್ತಾನ್ ಕುಲಿ ಮೊದಲು ನಿಮ್ಮೂರಿನ ಬಹಮನಿ ದೊರೆಗಳ ಸೇವೆಯಲ್ಲಿದ್ದವನು.

ಆದರೂ ಮೊದಲ ಸಲ ದೊಡ್ಡ ಪಂದ್ಯ ನೋಡುವವರಿಗೆ ನನ್ನ ಸಲಹೆ ಬೆಂಗಳೂರೇ. ಬೀದರ್–ಯಶವಂತಪುರ ರೈಲಿದೆ. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ಮಾರ್ಗ ಉದ್ಘಾಟನೆಯಾದ ಮೇಲೆ ಕಲಬುರಗಿಗೆ ಬಂದು ರೈಲು ಬದಲಿಸುವ ದಾರಿಯೂ ತೆರೆದಿದೆ.

ಪ್ರಶ್ನೆ: ಯಜಮಾನರು ಮತ್ತು ಇಬ್ಬರು ಮಕ್ಕಳೊಂದಿಗೆ ಪಂದ್ಯಕ್ಕೆ ಹೋಗಬೇಕೆಂದಿದ್ದೇವೆ. 2025ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನಡೆದುದನ್ನು ಟಿವಿಯಲ್ಲಿ ಕಂಡಾಗಿನಿಂದ ನನಗೆ ಗುಂಪೆಂದರೆ ಭಯ. ನನಗೆ ಆಟದ ನಿಯಮಗಳೂ ಗೊತ್ತಿಲ್ಲ. (ಓದುಗರು, ಯಾದಗಿರಿ)

ಉತ್ತರ: ತಾಯಿ, ನಿಮ್ಮ ಭಯ ಅಕಾರಣವಾದದ್ದಲ್ಲ. 2025ರ ಜೂನ್ 4ರಂದು ಅಲ್ಲಿ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅಂದು ನಡೆದದ್ದು ಪಂದ್ಯವಲ್ಲ, ವಿಜಯೋತ್ಸವ. ಕ್ರೀಡಾಂಗಣ ಹಿಡಿಸುವುದಕ್ಕಿಂತ ಎಷ್ಟೋ ಪಟ್ಟು ಜನ ಬಾಗಿಲುಗಳ ಮುಂದೆ ಸೇರಿದ್ದರು. ಕಂಠೀರವದ ಲೀಗ್ ಪಂದ್ಯಕ್ಕೆ ಬರುವವರು ಟಿಕೆಟ್ ಹಿಡಿದು ತಮ್ಮ ತಮ್ಮ ಬಾಗಿಲಿನಿಂದ ಹೋಗುವವರು. ಕುಟುಂಬ ಸಮೇತ ಬಂದವರನ್ನು ನಾನು ಪ್ರತಿ ಸಲವೂ ಕಂಡಿದ್ದೇನೆ. ಆದರೂ ಎಚ್ಚರ ನಿಮ್ಮ ಕೈಯಲ್ಲಿರಲಿ. ಬಾಗಿಲು ತೆರೆದ ಹೊಸತರಲ್ಲೇ ಒಳಗೆ ಹೋಗಿ. ಮಕ್ಕಳ ಜೇಬಿನಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ಬರೆದ ಚೀಟಿ ಇಡಿ. ಕೈತಪ್ಪಿದರೆ ಎಲ್ಲಿ ಸೇರಬೇಕೆಂದು ಒಳಗೆ ಹೋಗುವ ಮೊದಲೇ ಒಂದು ಜಾಗ ತೋರಿಸಿಡಿ. ಮುಗಿದೊಡನೆ ಏಳದೆ ಹದಿನೈದು ನಿಮಿಷ ಕುಳಿತುಕೊಳ್ಳಿ. ಆ ಹೊತ್ತಿನಲ್ಲಿ ಆಟಗಾರರು ಬೆಂಬಲಿಗರ ಮುಂದೆ ಬಂದು ಚಪ್ಪಾಳೆ ತಟ್ಟುತ್ತಾರೆ, ಬೇಗ ಎದ್ದವರಿಗೆ ಅದು ಸಿಗುವುದಿಲ್ಲ. ನೀರಿನ ಬಾಟಲಿ, ಪವರ್ ಬ್ಯಾಂಕ್, ದೊಡ್ಡ ಚೀಲಗಳನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಕೋಣೆಯಲ್ಲೇ ಬಿಟ್ಟು ಹೋಗಿ. ಯಾದಗಿರಿಯ ಬಿಸಿಲಿಗೆ ಒಗ್ಗಿದ ಮಕ್ಕಳಿಗೆ ಅಲ್ಲಿನ ರಾತ್ರಿ ಚಳಿಯೆನಿಸುತ್ತದೆ, ಸ್ವೆಟರ್ ಇರಲಿ. ಮಳೆ ಬಂದರೂ ಫುಟ್‌ಬಾಲ್ ಕ್ರಿಕೆಟ್‌ನಂತೆ ಥಟ್ಟನೆ ನಿಲ್ಲುವುದಿಲ್ಲ, ಒಂದೊಂದು ರೈನ್‌ಕೋಟ್ ಇಟ್ಟುಕೊಳ್ಳಿ.

ನಿಯಮಗಳ ಬಗ್ಗೆ ಚಿಂತೆ ಬೇಡ. ತಂಡಕ್ಕೆ ಹನ್ನೊಂದು ಜನ, ನಲವತ್ತೈದು ನಿಮಿಷಗಳ ಎರಡು ಅವಧಿ, ನಡುವೆ ಹದಿನೈದು ನಿಮಿಷ ಬಿಡುವು. ಗೋಲ್‌ಕೀಪರ್ ತನ್ನ ಪೆಟ್ಟಿಗೆಯೊಳಗೆ ಕೈಯಲ್ಲಿ ಹಿಡಿಯಬಹುದು, ಆಟ ನಡೆಯುವಾಗ ಉಳಿದವರು ಚೆಂಡಿಗೆ ಕೈ ತಾಗಿಸಬಾರದು. ಕಷ್ಟವೆನಿಸುವುದು ಆಫ್‌ಸೈಡ್ ಒಂದೇ. ತನ್ನವನು ಚೆಂಡು ಒದೆಯುವ ಕ್ಷಣದಲ್ಲಿ, ಎದುರಾಳಿಯ ಅರ್ಧದಲ್ಲಿರುವ ಆಟಗಾರ ಚೆಂಡಿಗಿಂತಲೂ ಮುಂದೆ, ಎದುರಾಳಿ ತಂಡದ ಕೊನೆಯಿಂದ ಎರಡನೆಯವನಿಗಿಂತಲೂ ಮುಂದೆ ಇದ್ದು, ಆಟದಲ್ಲಿ ಪಾಲ್ಗೊಂಡರೆ ಅದು ಆಫ್‌ಸೈಡ್. ಎದುರಾಳಿಯ ಗೋಲಿನ ಬಾಯಲ್ಲೇ ಹೊಂಚು ಹಾಕಿ ನಿಲ್ಲಬಾರದೆಂದು ಮಾಡಿದ ನಿಯಮ ಅದು. ಗೆರೆಯ ಹೊರಗೆ ಬಾವುಟ ಹಿಡಿದು ಓಡುವವರನ್ನು ಹತ್ತು ನಿಮಿಷ ಗಮನಿಸಿದರೆ ತಾನಾಗಿ ಅರ್ಥವಾಗುತ್ತದೆ.

ಪ್ರಶ್ನೆ: ಟಿಕೆಟ್, ರೈಲು, ಕೋಣೆ ಇವುಗಳಲ್ಲಿ ಮೊದಲು ಯಾವುದನ್ನು ಕಾಯ್ದಿರಿಸಬೇಕು? ಕೋಲ್ಕತ್ತದ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯವನ್ನೂ ಹೀಗೆಯೇ ನೋಡಿ ಬರಬಹುದೇ? (ಓದುಗರು, ಆಳಂದ)

ಉತ್ತರ: ಪಂದ್ಯಪಟ್ಟಿ ಅಧಿಕೃತವಾಗಿ ಪ್ರಕಟವಾಗುವ ತನಕ ಯಾವುದನ್ನೂ ಕಾಯ್ದಿರಿಸಬೇಡಿ. 2025ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಇಂಡಿಯನ್ ಸೂಪರ್ ಲೀಗ್ ನಡೆಸುವ ಸಂಸ್ಥೆಯ ನಡುವಿನ ಒಪ್ಪಂದ ಮುಗಿಯುತ್ತ ಬಂದ ಕಾರಣಕ್ಕೆ ಇಡೀ ಹಂಗಾಮೇ ತಡೆಹಿಡಿಯಲ್ಪಟ್ಟಿತ್ತು. ಪಟ್ಟಿ ಬಂದ ಮೇಲೆ ಮೊದಲು ರೈಲು. 2024ರ ನವೆಂಬರ್‌ನಿಂದ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲಷ್ಟೇ ತೆರೆಯುತ್ತದೆ, ನಮ್ಮ ಕಡೆಯ ರಾತ್ರಿ ರೈಲುಗಳು ಬೇಗ ತುಂಬುತ್ತವೆ. ಕೋಣೆಯನ್ನು ರದ್ದು ಮಾಡಿದರೆ ಹಣ ಮರಳುವಂತೆ ಹಿಡಿಯಿರಿ. ಪಂದ್ಯದ ಟಿಕೆಟನ್ನು ಕ್ಲಬ್ ತಿಳಿಸುವ ಜಾಲತಾಣದಲ್ಲೇ ಕೊಳ್ಳಿ, ಬಾಗಿಲಲ್ಲಿ ನಿಂತು ಮಾರುವವರ ಹತ್ತಿರ ಬೇಡ.

ಕೋಲ್ಕತ್ತ ಎರಡು ದಿನದ ಮಾತಲ್ಲ. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್, 1920ರ ಈಸ್ಟ್ ಬೆಂಗಾಲ್ ಇವುಗಳ ಪಂದ್ಯಕ್ಕೆ 1997ರ ಜುಲೈನಲ್ಲಿ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 1,30,000ಕ್ಕೂ ಹೆಚ್ಚು ಜನ ಸೇರಿದ್ದರು. ರೈಲಿನಲ್ಲಿ ಹೋಗಿಬರುವುದಾದರೆ ಒಂದು ವಾರ ರಜೆ ಇಟ್ಟುಕೊಂಡೇ ಅದಕ್ಕೆ ಹೊರಡಿ.

ಪ್ರಶ್ನೆ: ನಾನು ಗ್ರಾಮೀಣ ಶಾಲೆಯೊಂದರ ದೈಹಿಕ ಶಿಕ್ಷಕ. ನಮ್ಮ ಹದಿನಾರು ಬಾಲಕಿಯರ ತಂಡ ತಾಲ್ಲೂಕು ಮಟ್ಟದಲ್ಲಿ ಚೆನ್ನಾಗಿ ಆಡುತ್ತದೆ. ಅವರಲ್ಲಿ ಯಾರೂ ಬೆಂಗಳೂರು ನೋಡಿಲ್ಲ. ಪಂದ್ಯಕ್ಕೆ ಕರೆದೊಯ್ದರೆ ಅವರಿಗೆ ಉಪಯೋಗವಾದೀತೇ, ಬರೀ ಮೋಜಾದೀತೇ? (ಓದುಗರು, ಶಹಾಪುರ)

ಉತ್ತರ: ಗುರುಗಳೇ, ಮೋಜಾದರೂ ತಪ್ಪಿಲ್ಲ, ಆದರೆ ಉಪಯೋಗ ಖಂಡಿತ ಆಗುತ್ತದೆ. ಶೈಕ್ಷಣಿಕ ಪ್ರವಾಸಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ರೈಲ್ವೆಯಲ್ಲಿ ದರ ರಿಯಾಯಿತಿ ಇದೆ. ಮುಖ್ಯ ಶಿಕ್ಷಕರ ಪತ್ರದೊಂದಿಗೆ ಯಾದಗಿರಿ ನಿಲ್ದಾಣದಲ್ಲಿ ಮೊದಲೇ ವಿಚಾರಿಸಿ. ಇಲಾಖೆಯ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಜತೆಗೆ ಇಬ್ಬರು ಶಿಕ್ಷಕಿಯರು ಇವು ಇಲ್ಲದೆ ಹೊರಡಬೇಡಿ.

ಊರು ತೋರಿಸುವಾಗ ಅರಮನೆಗಳಿಗಿಂತ ಹಲಸೂರಿನ ಗೌತಮಪುರಕ್ಕೆ ಕರೆದುಕೊಂಡು ಹೋಗಿ. ನೇರಳೆ ಮಾರ್ಗದ ಹಲಸೂರು ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದರಾಯಿತು. ದುಡಿಯುವ ಜನರ ಚಿಕ್ಕ ಚಿಕ್ಕ ಮನೆಗಳ ಆ ಬಡಾವಣೆ ಎಷ್ಟೋ ಆಟಗಾರರನ್ನು ಕೊಟ್ಟಿದೆ, ಅಲ್ಲಿ ಪೆಲೆಯ ಪ್ರತಿಮೆಯೂ ಇದೆ. ಫುಟ್‌ಬಾಲ್ ಆಡಲು ದೊಡ್ಡ ಮನೆ ಬೇಕಿಲ್ಲವೆಂಬುದನ್ನು ಮಕ್ಕಳು ಕಣ್ಣಾರೆ ಕಾಣಲಿ. 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ಬಳಿಕ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದ ಸಂಗತಿಯನ್ನೂ ಅಲ್ಲಿಯೇ ಹೇಳಿ. ಸಾಧ್ಯವಾದರೆ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ಆಡಿ, 2023ರಲ್ಲಿ ಫೈನಲ್ ತಲುಪಿದ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಪಂದ್ಯವಿರುವ ದಿನಗಳನ್ನೂ ನೋಡಿ. ನಿಮ್ಮ ಬಾಲಕಿಯರಿಗೆ ಗಂಡಸರ ದೊಡ್ಡ ಪಂದ್ಯಕ್ಕಿಂತ ಅದೇ ಹೆಚ್ಚು ತಾಗೀತು ಎಂದು ನನಗೆ ಅನ್ನಿಸುತ್ತದೆ. ಭಾರತದ ಮಹಿಳಾ ತಂಡ 2025ರ ಜುಲೈನಲ್ಲಿ ಥಾಯ್ಲೆಂಡನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆದದ್ದು, ಆ ಎರಡೂ ಗೋಲು ಸಂಗೀತಾ ಬಾಸ್ಫೋರ್ ಹೊಡೆದದ್ದು ಅವರಿಗೆ ಗೊತ್ತಿರಲಿ.

ಪಂದ್ಯದ ಹೊತ್ತಿನಲ್ಲಿ ಹೀಗೆ ಮಾಡಿ. ಒಬ್ಬೊಬ್ಬಳಿಗೂ ಅವಳು ಆಡುವ ಜಾಗವನ್ನೇ ಕೊಟ್ಟು, ಮೊದಲ ಹದಿನೈದು ನಿಮಿಷ ಮೈದಾನದಲ್ಲಿ ಆ ಜಾಗದ ಆಟಗಾರನನ್ನು ಮಾತ್ರ ನೋಡಲು ಹೇಳಿ, ಚೆಂಡು ಎಲ್ಲಿದ್ದರೂ ಸರಿ. ಅವನು ಎಷ್ಟು ಸಲ ಹಿಂದೆ ತಿರುಗಿ ನೋಡಿದ, ಚೆಂಡು ಬರುವ ಮೊದಲು ಯಾವ ಕಡೆ ಸರಿದ, ಯಾರಿಗೆ ಕೂಗಿದ ಎಂಬುದನ್ನು ಬಿಡುವಿನ ವೇಳೆಯಲ್ಲಿ ಒಂದು ಹಾಳೆಯಲ್ಲಿ ಬರೆದಿಡಲಿ. ಉಳಿದ ಆಟವನ್ನು ಮನಸ್ಸಿಗೆ ಬಂದಂತೆ ಕೂಗಾಡುತ್ತ ನೋಡಲಿ. ಊರಿಗೆ ಬಂದ ಮೇಲೆ ಮೊದಲ ಅಭ್ಯಾಸಕ್ಕೆ ಆ ಹದಿನಾರು ಹಾಳೆಗಳನ್ನು ಮೈದಾನಕ್ಕೆ ತನ್ನಿ. ಮೊದಲು ಗೋಲ್‌ಕೀಪರ್ ಹುಡುಗಿಯ ಹಾಳೆಯನ್ನು ಓದಿಸಿ, ಏಕೆಂದರೆ ಎಲ್ಲರಿಗಿಂತ ಹೆಚ್ಚು ನೋಡಿರುವವಳು ಅವಳೇ ಆಗಿರುತ್ತಾಳೆ.